ಸದ್ದು ಜಾಸ್ತಿ ಆಯ್ತು ಸ್ವಾಮಿ, ಪವರ್ ಎಲ್ಲಿ?

ಇವತ್ತು ಪರಿಚಯದವರೊಬ್ಬರು ಬಾನೆಟ್ ಎತ್ತಿ ಹೊಸ ಥ್ರಾಟಲ್ ಬಾಡಿ ತೋರಿಸಿದರು. ಆಕ್ಸಿಲರೇಟರ್ ಒತ್ತಿದಷ್ಟು ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಬಾಯಿ ಅದು. ಕಂಪನಿ ಕೊಟ್ಟಿದ್ದಕ್ಕಿಂತ ಅಗಲದ್ದು. "ಪಿಕಪ್ ನೋಡಿ" ಅಂತ ಒಂದು ರೌಂಡ್ ಬೇರೆ. ಅಲ್ಲಿ ಹಲ್ಲು ಕಚ್ಚಿಕೊಂಡು ಸುಮ್ನಿದ್ದೆ. ಎಂಜಿನ್ ವಿಷಯದಲ್ಲಿ ನಾನು ಎಷ್ಟು ಹೊತ್ತು ಸುಮ್ನಿರ್ತೀನಿ ಅಂತ ನಿಮಗೇ ಗೊತ್ತಲ್ಲ.

ಲೆಕ್ಕ ಸುಲಭ. ಟರ್ಬೋ (ಗಾಳಿ ಒತ್ತಿ ತುಂಬುವ ಪಂಪು) ಇಲ್ಲದ 1.2 ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3600 ಲೀಟರ್. ಹಳೆಯ ಥ್ರಾಟಲ್ ಬಾಡಿ ಅಷ್ಟನ್ನು ಆರಾಮಾಗಿ ಬಿಡುತ್ತಿದ್ದರೆ ಇನ್ನೂ ಅಗಲ ಮಾಡಿ ಏನು ಸಿಕ್ಕಿತು? ಬಾಗಿಲು ದೊಡ್ಡದು ಮಾಡಿದರೆ ಮನೆಯೊಳಗೆ ಜಾಗ ಜಾಸ್ತಿ ಆಗುತ್ತಾ?

ಹಾಗಾದರೆ ಆ ಪಿಕಪ್? ಅವರದ್ದು ಹಳೆಯ ಕೇಬಲ್ ಥ್ರಾಟಲ್, ಪೆಡಲ್‌ನಿಂದ ನೇರ ತಂತಿ ಎಳೆದು ತೆರೆಯುವಂಥದ್ದು. ಕಾಲು ಅಷ್ಟೇ ಒತ್ತಿದರೂ ಅಗಲದ ಬಾಯಿ ಹೆಚ್ಚು ಗಾಳಿ ಬಿಡುತ್ತದೆ, ಕಾರು ಚಂಗನೆ ನೆಗೆಯುತ್ತದೆ. ಹಳೆಯದರಲ್ಲೇ ಇನ್ನೊಂಚೂರು ಒತ್ತಿದ್ದರೆ ಅದೇ ಸಿಗುತ್ತಿತ್ತು!

"ರೇಸ್ ಕಾರಿಗೆ ಹಾಕಲ್ವಾ?" ಹಾಕ್ತಾರೆ. ಕ್ಯಾಮ್, ಹೆಡ್, ಎಕ್ಸಾಸ್ಟ್, ಟ್ಯೂನಿಂಗ್ ಎಲ್ಲ ಬದಲಾಯಿಸಿ ಹಾಕ್ತಾರೆ. ಕಾಲೇಜು ಹುಡುಗರೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಪೆಟ್ರೋಲ್ ಎಂಜಿನ್‌ಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಲ್ಲೇ ಹೋಗಬೇಕೆಂಬ ನಿಯಮವಿದೆ, ಪವರ್ ತಡೆಯಲೆಂದೇ. ಅದನ್ನು ಅಗಲ ಮಾಡಿದರೆ ಪವರ್ ಏರುವುದು ಸಹಜ. ತಡೆ ಇರುವುದೇ ಅಲ್ಲಿ. ನಿಮ್ಮ ಕಾರಿನಲ್ಲಿ ತಡೆ ಎಲ್ಲಿದೆ ಅಂತ ಯಾರಾದರೂ ನೋಡಿದ್ರಾ?

ನೋಡುವುದು ಕಷ್ಟವೂ ಅಲ್ಲ. ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿ ಎಂಜಿನ್ನಿಗೆ ಹೋಗುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದ್ದರೆ, ಕಾರಿನ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ. ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇದ್ದಾಗ ಮ್ಯಾನಿಫೋಲ್ಡ್ ಒತ್ತಡ ಓದಿ. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್. ಆಮೇಲೆ ಪೂರ್ತಿ ಥ್ರಾಟಲ್, ಹೈ ಆರ್‌ಪಿಎಂ, ರೀಡಿಂಗ್ ನೋಡಲು ಪಕ್ಕದಲ್ಲಿ ಒಬ್ಬರು. ಎರಡೂ ಅಂಕಿ ಹತ್ತಿರ ಇದ್ದರೆ ಥ್ರಾಟಲ್, ಫಿಲ್ಟರ್, ಪೈಪ್ ಯಾವುದೂ ತಡೆಯುತ್ತಿಲ್ಲ. ದುಡ್ಡು ಜೇಬಲ್ಲೇ ಇರಲಿ.

ಇನ್ನು ಬಾನೆಟ್ ಒಳಗೆ ಬರಿಮೈಲಿ ಕೂತ ಕೋನ್ ಫಿಲ್ಟರ್. ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 1 ಇಳಿಯುತ್ತದೆ. ದುಡ್ಡು ಕೊಟ್ಟು ಪವರ್ ಕಳೆದುಕೊಳ್ಳುವ ಜಾಣತನ. ಗಾಳಿ ಅಳೆಯುವ ಮಾಫ್ ಸೆನ್ಸರ್ ಕೂರುವ ಪೈಪನ್ನೇ ಅಗಲ ಮಾಡಿದರೆ ಅದರ ಲೆಕ್ಕವೂ ತಪ್ಪುತ್ತದೆ.

ನಿಜ ಹೇಳ್ತೀನಿ, ಆ ಗಾಳಿ ಎಳೆಯುವ ಗುಂಯ್ ಸದ್ದು ನನಗೂ ಭಾರೀ ಇಷ್ಟ. ಸದ್ದಿಗೇ ಹಾಕಿಸಿದೆ ಅನ್ನಿ, ಇನ್ನೊಂದು ರೌಂಡ್ ಬರ್ತೀನಿ. ಹತ್ತು ಕುದುರೆ ಏರಿತು ಅಂದರೆ ಮಾತ್ರ ಡೈನೋ (ಪವರ್ ಅಳೆಯುವ ಯಂತ್ರ) ಚೀಟಿ ತನ್ನಿ. ಹಾಕಿಸುವ ಮುಂಚಿನದು, ಆಮೇಲಿನದು, ಎರಡೂ.