ಅಂಚೆ ಕಚೇರಿಯ ಸಾಹಿತ್ಯ ವಿಮರ್ಶಕರು

ಒಳ್ಳೆಯ ವಿಮರ್ಶಕರೇ ಇಲ್ಲ ಅಂತ ಕೊರಗುವವರು ಒಮ್ಮೆ ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು. 1954ರ ಲಾಸ್ ಏಂಜಲೀಸ್‌ನಲ್ಲಿ ಅವರು ಅಲ್ಲೇ ಇದ್ದರು. ಸ್ಟಾಂಪಿನ ಮೇಲೆ ಮುದ್ರೆ ಒತ್ತುತ್ತಾ, ಬಿಡುವಾದಾಗ ಕಥೆಗಳ ಮೇಲೂ ಒತ್ತುತ್ತಿದ್ದರು.

ಆ ಊರಿನಲ್ಲಿ ಸಲಿಂಗಿಗಳೇ ಸೇರಿ 1953ರಲ್ಲಿ 'ಒನ್' ಎಂಬ ಮಾಸಪತ್ರಿಕೆ ಶುರು ಮಾಡಿದ್ದರು. ಬೆಲೆ 25 ಸೆಂಟ್. ಅದೇ ವರ್ಷದ ಆಗಸ್ಟ್ ಸಂಚಿಕೆಯ ಮುಖಪುಟದಲ್ಲಿ 'ಸಲಿಂಗ ಮದುವೆ?' ಅಂತ ಹಾಕಿದರು. ಬರೀ ಪ್ರಶ್ನೆ, ಪಾಪ. ಅಂಚೆಯವರು ಆ ಪ್ರಶ್ನಾರ್ಥಕ ಚಿಹ್ನೆಯನ್ನು ಕೆಲವು ವಾರ ತಡೆಹಿಡಿದು, ಆಮೇಲೆ ಬಿಟ್ಟರು.

1954ರ ಅಕ್ಟೋಬರ್‌ನಲ್ಲಿ ಪತ್ರಿಕೆ ಜಾಣತನ ಮಾಡಿತು. ಏನನ್ನು ಅಚ್ಚು ಹಾಕಬಾರದು ಅಂತ ಪತ್ರಿಕೆಯ ವಕೀಲ ಎರಿಕ್ ಜೂಲ್ಬರ್ ಕೈಲೇ ಬರೆಸಿತು. ಮುಖಪುಟದ ಮೇಲೆ 'ಇದನ್ನು ಅಚ್ಚು ಹಾಕುವಂತಿಲ್ಲ!' ಎಂದು ದೊಡ್ಡದಾಗಿ ಹಾಕಿತು. ಪೋಸ್ಟ್‌ಮಾಸ್ಟರ್ ಆಟೊ ಓಲ್ಸನ್ ಸಾಹೇಬರ ಕಚೇರಿ ಅದನ್ನು ಅಕ್ಷರಶಃ ನಂಬಿ, ಇಡೀ ಸಂಚಿಕೆಯನ್ನೇ ತಡೆಯಿತು.

ತಪ್ಪು ಮೂರು. ಒಂದು ಪದ್ಯ, ಒಂದು ಕಥೆ, ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದರ ಜಾಹೀರಾತು. ಜಾಹೀರಾತಿನಲ್ಲಿ ಹೊಲಸೇನೂ ಇರಲಿಲ್ಲ, ಆದರೆ ಹೊಲಸು ಎಲ್ಲಿ ಸಿಗುತ್ತೆ ಅನ್ನುವ ಸುಳಿವು ಇತ್ತಂತೆ! ಕಥೆಯದ್ದು ಇನ್ನೂ ಘೋರ. ಇಪ್ಪತ್ತರ ಆಸುಪಾಸಿನ ಹುಡುಗಿ ಹುಡುಗನನ್ನು ಬಿಟ್ಟು ಒಬ್ಬ ಹೆಂಗಸಿನ ಜೊತೆ ಬಾಳುತ್ತೇನೆ ಅಂತ ಹೊರಡುತ್ತಾಳೆ. ಮುಗಿಯಿತು, ಅಷ್ಟೇ ಕಥೆ. ಪತ್ರಿಕೆ ಕೋರ್ಟಿಗೆ ಹೋಯಿತು. ಮೇಲ್ಮನವಿ ನ್ಯಾಯಾಲಯವೂ 1957ರಲ್ಲಿ ಅಂಚೆಯವರ ಪರ ನಿಂತು, ಈ ಕಥೆಯನ್ನು ಅಗ್ಗದ ಅಶ್ಲೀಲ ಬರಹ ಎಂದಿತು. ನನಗನ್ನಿಸುವುದು, ಆ ಹುಡುಗಿ ಕೊನೇ ಪುಟದಲ್ಲಿ ಬಾವಿಗೆ ಹಾರಿದ್ದರೆ ಕಥೆ ಸುಮ್ನೆ ಪಾಸಾಗುತ್ತಿತ್ತು. ಆ ಕಾಲದಲ್ಲಿ ಇಂಥ ಕಥೆಗಳ ನಾಯಕಿಯರು ಸಾಯಬೇಕಿತ್ತು, ಇಲ್ಲವೇ ಹುಚ್ಚು ಹಿಡಿಯಬೇಕಿತ್ತು. ಇವಳು ಖುಷಿಯಾಗಿದ್ದುಬಿಟ್ಟಳು. ಸರ್ಕಾರಕ್ಕೆ ಎಷ್ಟು ಸಂಕಟವಾಗಿರಬೇಡ, ಅಲ್ವಾ?

ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಅಲ್ಲಿನ ನ್ಯಾಯಮೂರ್ತಿಗಳು ಎರಡೂ ಕಡೆಯವರನ್ನು ಕರೆಸಿ ವಾದವನ್ನೇ ಕೇಳಲಿಲ್ಲ. ಲೈಂಗಿಕತೆ ಬೇರೆ, ಅಶ್ಲೀಲತೆ ಬೇರೆ ಅಂತ ಹಿಂದಿನ ವರ್ಷವಷ್ಟೇ ಬೇರೊಂದು ಮೊಕದ್ದಮೆಯಲ್ಲಿ ಹೇಳಿದ್ದರು. ಆ ತೀರ್ಪಿನ ಹೆಸರು ಹೇಳಿ, ಕೆಳಗಿನ ಕೋರ್ಟಿನ ಆದೇಶವನ್ನು 1958ರ ಜನವರಿ 13ರಂದು ಒಂದೇ ಸಾಲಿನಲ್ಲಿ ರದ್ದು ಮಾಡಿದರು.

ಅಕ್ಟೋಬರ್ ಸಂಚಿಕೆಗೆ ದಾರಿ ಸಿಕ್ಕಿದ್ದು ಮೂರು ವರ್ಷ ಮೂರು ತಿಂಗಳ ಮೇಲೆ. ಅಂಚೆ ತಡವಾಗುವುದು ನಮಗೇನೂ ಹೊಸದಲ್ಲ ಬಿಡಿ. ಆದರೆ ನಮ್ಮ ಪೋಸ್ಟ್‌ಮ್ಯಾನ್ ಮಳೆ ಅಂತಲೋ, ಸೈಕಲ್ ಪಂಕ್ಚರ್ ಅಂತಲೋ ಹೇಳುತ್ತಾನೆ. ಕಥೆಯ ಕೊನೆ ಇಷ್ಟವಾಗಲಿಲ್ಲ ಅಂತ ಈವರೆಗೆ ಹೇಳಿಲ್ಲ.