ಸದರಿ ದಾರಿಯು ದಾರಿಯಲ್ಲ

ಉತ್ತರ ಕನ್ನಡದ ಗುಡ್ಡಗಳಲ್ಲಿ ಜೀಪು ಓಡಿಸುವವರಲ್ಲಿ ಎರಡು ಜಾತಿ. ಮಣ್ಣುದಾರಿ ಕಂಡೊಡನೆ ಫೋರ್ ವೀಲ್ ಹಾಕಿ ನುಗ್ಗುವವರು ಒಂದು. ಇಲ್ಲಿ ಹೋಗಬಹುದೇ ಎಂದು ಮೊದಲು ಕೇಳುವವರು ಇನ್ನೊಂದು. ಮೊದಲನೆಯವರು ಶನಿವಾರ ಬಂದು, ಭಾನುವಾರ ಕೆಸರು ಮೆತ್ತಿದ ಟೈರಿನ ಫೋಟೊ ಹಾಕಿ, ಸೋಮವಾರ ಬೆಂಗಳೂರಿನಲ್ಲಿ ಹಾಜರಿ ಹಾಕುತ್ತಾರೆ. ಎರಡನೆಯವರು ಇನ್ನೂ ಶಿರಸಿಯಲ್ಲಿ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ.

ನಮ್ಮ ಭಾವ ಎರಡನೆಯ ಜಾತಿಗೆ ಸೇರಿದವರು. ಅಡಿಕೆಗೆ ದರ ಬಂದ ವರ್ಷ ಜೀಪು ಕೊಂಡರು. ತೋಟದ ಮೇಲಿನ ಬೆಟ್ಟ ದಾಟಿ ಘಟ್ಟದಂಚಿಗೆ ಹೋಗುವ ಹಳೆಯ ಗಾಡಿದಾರಿಯಲ್ಲಿ ಮನೆಯವರನ್ನು ಕರೆದುಕೊಂಡು ಹೋಗಬೇಕು ಎಂಬುದು ಆಸೆ. ಕಾನೂನು ವಿಚಾರಿಸಿಕೊಂಡೇ ಹೋಗೋಣ ಎಂಬ ದುರ್ಬುದ್ಧಿ ಎಲ್ಲಿಂದ ಬಂತೋ.

ಮೊದಲು ಪಹಣಿ ತೆಗೆಸಿದರು. ವಿಸ್ತೀರ್ಣದ ಕಾಲಮ್ಮಿನಲ್ಲಿ ಖರಾಬು ಎಂದು ಎರಡು ಸಾಲು ಇರುತ್ತದೆ. ‘ಅ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ ಜಾಗ. ಭಾವನ ಪಹಣಿಯಲ್ಲಿ ‘ಬ’ದ ಎದುರು ಸೊನ್ನೆ. ಅಜ್ಜನ ಕಾಲದಿಂದ ಎತ್ತಿನಗಾಡಿ ಓಡಾಡಿ ಮೊಳಕಾಲುದ್ದ ಕೊರಕಲು ಬಿದ್ದ ದಾರಿ ಕಾಗದದ ಮೇಲೆ ಹುಟ್ಟಿಯೇ ಇರಲಿಲ್ಲ.

ಗ್ರಾಮ ನಕ್ಷೆಯಲ್ಲಿ ಮಾತ್ರ ಏನೋ ಒಂದು ತುಂಡುಗೆರೆ ಇತ್ತು. ಒಂಟಿ ಗೆರೆಯಾದರೆ ಕಾಲುದಾರಿ, ಜೋಡಿ ಗೆರೆಯಾದರೆ ಬಂಡಿದಾರಿ ಎಂದರು ಮೋಜಣಿದಾರರು. ಇದು ಒಂಟಿಯೋ ಜೋಡಿಯೋ? ನೆರಳಚ್ಚಿನ ನೆರಳಚ್ಚು ಅದು. ಮೋಜಣಿದಾರರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, “ಮೇಲಿನ ಗೆರೆ ದಾರಿಯದ್ದು ಹೌದು. ಕೆಳಗಿನದು ಮೂಲ ನಕ್ಷೆಯ ಮಡಿಕೆ ಇದ್ದರೂ ಇರಬಹುದು ಹೆಗಡೇರೆ” ಎಂದರು. ಬಂಡಿದಾರಿಯ ಹಣೆಬರಹ ಒಂದು ಮಡಿಕೆಯಲ್ಲಿ ನಿಂತಿತು. ಬೇಕಾದರೆ ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ಆಪ್ ತೆರೆದು ಜಾಗದಲ್ಲೇ ನಿಂತರೆ ಸರ್ವೆ ನಂಬರ್ ಬರುತ್ತದೆ ಎಂಬ ಸಲಹೆಯೂ ಸಿಕ್ಕಿತು. ಸಿಗ್ನಲ್ ಇರುವುದು ಗುಡ್ಡದ ನೆತ್ತಿಯಲ್ಲಿ. ನೆತ್ತಿಗೆ ಹೋಗುವುದು ಅದೇ ದಾರಿಯಲ್ಲಿ.

ಇನ್ನು ಬೆಟ್ಟದ ಕಥೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ತೋಟದ ಗೊಬ್ಬರಕ್ಕೆಂದು ಸೊಪ್ಪು ಕಡಿಯುವ, ದರಕು ಅಂದರೆ ಒಣಗಿದ ಎಲೆ ಗುಡಿಸುವ ಸವಲತ್ತು ತೋಟಿಗನದು, ನೆಲ ಸರ್ಕಾರದ್ದು. ಹಾಗಾದರೆ ಜೀಪು? ಅರಣ್ಯ ಇಲಾಖೆಯ ಕಾಖಿ ತೊಟ್ಟವರು ಬಹಳ ಯೋಚಿಸಿ ತೀರ್ಪು ಕೊಟ್ಟರು: “ಸೊಪ್ಪು ಹೇರಿದ ಗಾಡಿಯಾದರೆ ಸವಲತ್ತು. ಹೆಂಡತಿ ಮಕ್ಕಳನ್ನು ಕೂರಿಸಿದರೆ ಅತಿಕ್ರಮ ಪ್ರವೇಶ.” ಹೆಂಡತಿಯ ಮಡಿಲಲ್ಲಿ ಒಂದು ಹೊರೆ ಸೊಪ್ಪು ಇಟ್ಟರೆ ಹೇಗೆ ಎಂದು ಕೇಳಲು ಭಾವನಿಗೆ ಧೈರ್ಯವಾಗಲಿಲ್ಲ, ಕಚೇರಿಯಲ್ಲೂ, ಮನೆಯಲ್ಲೂ.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಈ ಗೊಂದಲವಿಲ್ಲ ಎಂಬುದನ್ನು ಒಪ್ಪಬೇಕು. 1972ರ ವನ್ಯಜೀವಿ ಕಾಯ್ದೆಯಿದೆ, ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಮುಗಿಯಿತು. ಗೊಂದಲವೆಲ್ಲ ಹೊರಗಿನದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಜನರಿಗೆ ಹೋಗುವ ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳ. ಹಕ್ಕಿದೆಯೇ ಎಂದರೆ ಸಾರಿಗೆಯವರು ಕಂದಾಯದವರನ್ನು ಕೇಳಿ ಎನ್ನುತ್ತಾರೆ, ಕಂದಾಯದವರು ಅರಣ್ಯದತ್ತ ಕೈ ತೋರಿಸುತ್ತಾರೆ, ಅರಣ್ಯದವರು ಪಂಚಾಯಿತಿಯ ರಸ್ತೆ ವಹಿ ನೋಡಿ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಯಾವ ಹಳ್ಳಿಯ ದಾರಿಯಲ್ಲಿ ನಡೆಯಬಹುದು, ಯಾವುದರಲ್ಲಿ ಕುದುರೆ ಹೋಗಬಹುದು, ಯಾವುದರಲ್ಲಿ ಮೋಟಾರು ಓಡಬಹುದು ಎಂದು ಗುರುತಿಸಿದ ಕಾನೂನುಬದ್ಧ ನಕ್ಷೆಯನ್ನು ಸ್ಥಳೀಯ ಆಡಳಿತ ಇಟ್ಟುಕೊಂಡಿರುತ್ತದಂತೆ. ನಮ್ಮ ಗ್ರಾಮ ನಕ್ಷೆ ಬಿಡಿಸಿದವರೂ ಅವರೇ. ಮಡಿಚಿಟ್ಟವರು ಮಾತ್ರ ನಾವು.

ಅದೇ ದಾರಿಯ ಆಚೆ ತುದಿಯಲ್ಲಿ ಒಂದು ಕೇರಿ ಇದೆ. ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುತ್ತಾರೆ. ನಾಲ್ಕು ಗಾಡಿ ಜಲ್ಲಿ ಹಾಕಿ ಎಂದು ಕೇಳಿದಾಗಲೆಲ್ಲ ‘ಅರಣ್ಯ ಪ್ರದೇಶವಾದ್ದರಿಂದ ಅವಕಾಶವಿರುವುದಿಲ್ಲ’ ಎಂಬ ಉತ್ತರ ತಪ್ಪದೆ ಬರುತ್ತದೆ. ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ರಸ್ತೆಗೆ ಬಿಟ್ಟುಕೊಡಲು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ದಾರಿಯಿದೆ. ಆ ಪುಟ ಮಾತ್ರ ಯಾರ ಕೈಗೂ ಸಿಗುವುದಿಲ್ಲ. ಈ ನಡುವೆ ವಾರಾಂತ್ಯದ ಜೀಪುಗಳ ದಂಡು ಆ ಏರಿನಲ್ಲಿ ಚಕ್ರ ತಿರುಗಿಸಿ ತಿರುಗಿಸಿ ಜೋಲಿ ಹೊರುವವರಿಗೂ ಕಾಲಿಡಲು ಬಾರದಂತೆ ಮಾಡಿ ಹೋಗಿದೆ. ಊರವರು ಗುದ್ದಲಿ ಹಾಕಿದರೆ ಅರಣ್ಯೇತರ ಚಟುವಟಿಕೆ. ಪರವೂರಿನವರು ಟೈರು ಹಾಕಿದರೆ ಸಾಹಸ ಪ್ರವಾಸೋದ್ಯಮ. ಆ ದಂಡಿನಲ್ಲಿ ಒಬ್ಬನೂ ಅರ್ಜಿ ಕೊಟ್ಟಿರಲಿಲ್ಲವಾದ್ದರಿಂದ ಯಾರ ಅರ್ಜಿಯನ್ನೂ ತಿರಸ್ಕರಿಸುವ ಪ್ರಮೇಯ ಬರಲಿಲ್ಲ.

ಭಾವನ ಅರ್ಜಿಗೆ ಮೊನ್ನೆ ಹಿಂಬರಹ ಬಂತು. ಸದರಿ ದಾರಿಯು ದಾಖಲೆಗಳಲ್ಲಿ ಕಂಡುಬರುವುದಿಲ್ಲ, ಆದ್ದರಿಂದ ಸದರಿ ದಾರಿಯಲ್ಲಿ ವಾಹನ ಚಲಾಯಿಸತಕ್ಕದ್ದಲ್ಲ, ಆದಾಗ್ಯೂ ಅಂತಿಮ ತೀರ್ಮಾನಕ್ಕಾಗಿ ಸ್ಥಳ ಪರಿಶೀಲನೆ ಅಗತ್ಯವಿದೆ ಎಂದಿದೆ. ಕೆಳಗೆ ಇನ್ನೊಂದು ಸಾಲು: ಕಚೇರಿಯ ವಾಹನವು ಸದರಿ ಏರನ್ನು ಹತ್ತುವ ಸ್ಥಿತಿಯಲ್ಲಿ ಇಲ್ಲದ ಕಾರಣ, ಪರಿಶೀಲನಾ ತಂಡವನ್ನು ಸದರಿ ದಾರಿಯಲ್ಲಿ ಕೊನೆಯವರೆಗೆ ಕರೆದೊಯ್ಯಲು ಅರ್ಜಿದಾರರೇ ತಮ್ಮ ಜೀಪಿನ ವ್ಯವಸ್ಥೆ ಮಾಡತಕ್ಕದ್ದು.