ದೀಪ ಹತ್ತಿಲ್ಲ ಅಂದ್ರೆ ಪಕ್ಕ ಖಾಲಿ ಅಂತಲ್ಲ

"ಕಾರಲ್ಲಿ ಬ್ಲೈಂಡ್ ಸ್ಪಾಟ್ ಮಾನಿಟರ್ ಇದೆ, ಇನ್ನು ಕತ್ತು ತಿರುಗಿಸಿ ನೋಡೋ ಕೆಲಸ ಇಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಕನ್ನಡಿಯಲ್ಲಿ ಕಾಣದ ಪಕ್ಕದ ಜಾಗದಲ್ಲಿ, ಅಂದರೆ ಬ್ಲೈಂಡ್ ಸ್ಪಾಟಿನಲ್ಲಿ, ಗಾಡಿ ಇದ್ದರೆ ದೀಪ ಹತ್ತಿಸಿ ತಿಳಿಸುವ ಒಳ್ಳೆಯ ಸೌಲಭ್ಯ ಅದು, ನನಗೂ ಬೇಕು. ಆದರೆ ದೀಪ ಹತ್ತಿದರೆ "ಪಕ್ಕದಲ್ಲಿ ಗಾಡಿ ಇದೆ" ಅಂತ ನಂಬಬಹುದು. ಹತ್ತದಿದ್ದರೆ "ಇಲ್ಲ" ಅಂತ ನಂಬುವ ಹಾಗಿಲ್ಲ.

ಯಾಕೆ ಅಂತ ತಿಳಿಯಲು ಅದು ಎಲ್ಲಿ ಕೂತಿದೆ ಅಂತ ನೋಡಬೇಕು. ಜಾಸ್ತಿ ಕಾರುಗಳಲ್ಲಿ ಹಿಂದಿನ ಬಂಪರಿನ ಎರಡೂ ಮೂಲೆಗಳ ಒಳಗೆ ಒಂದೊಂದು ಪುಟ್ಟ ರೇಡಾರ್ ಇರುತ್ತದೆ. ಅದು ಬಿಟ್ಟ ರೇಡಿಯೋ ಅಲೆ ಪಕ್ಕದ ಗಾಡಿಗೆ ಬಡಿದು ವಾಪಸ್ ಬರುತ್ತದೆ. ಅದರಿಂದಲೇ ದೂರ, ವೇಗ ಎರಡೂ ಲೆಕ್ಕ ಸಿಗುತ್ತದೆ. ಕನ್ನಡಿಯಲ್ಲಿ ದೀಪ ಹತ್ತುತ್ತದೆ. ಆಗ ಅದೇ ಕಡೆಗೆ ಇಂಡಿಕೇಟರ್ ಹಾಕಿದರೆ ದೀಪ ಮಿನುಗುತ್ತದೆ, ಎಷ್ಟೋ ಕಾರುಗಳಲ್ಲಿ ಬೀಪ್ ಕೂಡ ಬರುತ್ತದೆ.

ಈ ಅಲೆ ಬಂಪರಿನ ಪ್ಲಾಸ್ಟಿಕ್ ಮತ್ತು ಪೇಂಟ್ ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಬಂಪರಿನ ಮೂಲೆ ತರಚಿದಾಗ ಪುಟ್ಟಿ ಮೆತ್ತಿ, ಮೇಲೆ ದಪ್ಪಗೆ ಮೆಟಾಲಿಕ್ ಪೇಂಟ್ ಹೊಡೆಸುತ್ತೇವೆ. ಹೊರಗೆ ನೋಡಲು ಹೊಸದರ ಹಾಗೆ. ಒಳಗಿನ ರೇಡಾರಿಗೆ ಅಲೆ ಸರಿಯಾಗಿ ದಾಟದೇ ಹೋಗಬಹುದು. ಏಟಿಗೆ ರೇಡಾರ್ ಹಿಡಿದಿರುವ ಬ್ರಾಕೆಟ್ ಸ್ವಲ್ಪ ಬಾಗಿದರೂ ಅದು ನೋಡುವ ದಿಕ್ಕೇ ಬದಲಾಗುತ್ತದೆ. ಬಂಪರ್ ರಿಪೇರಿ ಆದಮೇಲೆ ರೇಡಾರ್ ಚೆಕ್ ಮಾಡಿದ್ದೀರಾ ಅಂತ ದಯವಿಟ್ಟು ಕೇಳಿ. ಆ ಮೂಲೆಗೆ ಸುಮ್ನೆ ಸ್ಟಿಕ್ಕರ್ ಅಂಟಿಸಬೇಡಿ. ಕೆಸರು ಮೆತ್ತಿದ್ದರೆ ಒರೆಸಿ.

ಇನ್ನೊಂದು ತೊಂದರೆ ವೇಗದ್ದು. ನೀವು 80ರಲ್ಲಿದ್ದೀರಿ, ಪಕ್ಕದ ಲೇನಿನಲ್ಲಿ ಹಿಂದಿನಿಂದ ಒಬ್ಬರು 120ರಲ್ಲಿ ಬರುತ್ತಿದ್ದಾರೆ. ವ್ಯತ್ಯಾಸ 40, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಹಿಂದಿನ ಮೂರ್ನಾಲ್ಕು ಮೀಟರ್ ಮಾತ್ರ ಕಾಯುವ ಸಿಸ್ಟಮ್ ಆದರೆ, ದೀಪ ಹತ್ತಿದ ಅರ್ಧ ಸೆಕೆಂಡಿನೊಳಗೆ ಆ ಗಾಡಿ ನಿಮ್ಮ ಬಾಗಿಲ ಪಕ್ಕ ಬಂದಿರುತ್ತದೆ. ಅಷ್ಟರಲ್ಲಿ ಸ್ಟೀರಿಂಗ್ ತಿರುಗಿಸಿಯೂ ಆಗಿರುತ್ತದೆ, ಅಲ್ವಾ? ಇನ್ನೂ ದೂರದವರೆಗೆ ನೋಡುವ ಸಿಸ್ಟಮ್‌ಗಳೂ ಇವೆ. ನಿಮ್ಮದು ಯಾವುದು ಅಂತ ಕಾರಿನ ಕೈಪಿಡಿಯಲ್ಲಿ ಓದಿ ತಿಳಿದುಕೊಳ್ಳಿ.

ನನಗೆ ಜಾಸ್ತಿ ಚಿಂತೆ ಬೈಕು, ಸೈಕಲ್ಲಿನವರದ್ದು. ಅವುಗಳಿಂದ ವಾಪಸ್ ಬರುವ ಅಲೆಯೇ ಕಡಿಮೆ. ಜೊತೆಗೆ, ಎಷ್ಟೋ ಸಿಸ್ಟಮ್‌ಗಳು ಕಾರು ಒಂದು ವೇಗ ದಾಟುವವರೆಗೆ ಕೆಲಸವನ್ನೇ ಶುರು ಮಾಡುವುದಿಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಬೈಕು ಸಂದಿಯಲ್ಲಿ ನುಗ್ಗುವಾಗ ಆ ದೀಪ ಸುಮ್ಮನಿರಬಹುದು. ಲಾರಿಗಳಿಂದ ಅವರಿಗೆ ಈ ಅಪಾಯ ಇನ್ನೂ ದೊಡ್ಡದು. ಅದಕ್ಕೇ ಯುರೋಪಿಯನ್ ಒಕ್ಕೂಟ 2024ರ ಜುಲೈನಿಂದ ಹೊಸ ಲಾರಿ, ಬಸ್ಸುಗಳಲ್ಲಿ ಪಕ್ಕದ ಸೈಕಲ್ ಸವಾರರನ್ನು ಗುರುತಿಸುವ ವ್ಯವಸ್ಥೆ ಕಡ್ಡಾಯ ಮಾಡಿದೆ.

ರೇಡಾರ್ ಇರಲಿ ಬಿಡಲಿ, ಕನ್ನಡಿ ಸರಿ ಮಾಡಿಕೊಳ್ಳಿ. ನಮ್ಮಲ್ಲಿ ಬಹಳ ಜನರ ಪಕ್ಕದ ಕನ್ನಡಿಯಲ್ಲಿ ಕಾಲುಭಾಗ ನಮ್ಮದೇ ಕಾರು ಕಾಣುತ್ತದೆ. ಚಾಲಕನ ಕಡೆಯದಕ್ಕೆ ತಲೆಯನ್ನು ಕಿಟಕಿಗೆ ತಾಗಿಸಿ, ಇನ್ನೊಂದಕ್ಕೆ ಎರಡು ಸೀಟುಗಳ ನಡುವೆ ವಾಲಿ, ನಿಮ್ಮ ಕಾರಿನ ಅಂಚು ಆಗಷ್ಟೇ ಕಾಣುವಷ್ಟು ಕನ್ನಡಿಯನ್ನು ಹೊರಗೆ ತಿರುಗಿಸಿ. ನೆಟ್ಟಗೆ ಕೂತಾಗ ನಿಮ್ಮ ಕಾರು ಕಾಣುವುದಿಲ್ಲ, ಪಕ್ಕದ ಲೇನ್ ಕಾಣುತ್ತದೆ. ಆಮೇಲೂ ಉಳಿಯುವ ಸ್ವಲ್ಪ ಜಾಗಕ್ಕೆ, ಲೇನ್ ಬದಲಿಸುವ ಮೊದಲು ಭುಜದ ಮೇಲಿಂದ ಒಮ್ಮೆ ನೋಡಿ.